ಪಾಸ್‌ವರ್ಡ್ ಬದಲಾದ ಬೆಳಗ್ಗೆ

ಇಲ್ಲ, ಸೋಮವಾರ ಆಗಿರಲಾರದು. ನಮ್ಮ ಕಾರ್ಖಾನೆಯ ವಾರದ ರಜೆಯೇ ಸೋಮವಾರ. ಆದರೂ ಆ ಬೆಳಗ್ಗೆಯನ್ನು ನೆನೆದಾಗಲೆಲ್ಲ ಮನಸ್ಸು ಅದಕ್ಕೆ ಸೋಮವಾರ ಎಂದೇ ಚೀಟಿ ಅಂಟಿಸುತ್ತದೆ. ಒಂದು ಚೀಟಿ ತಪ್ಪಾದರೆ ಉಳಿದವನ್ನು ಎಷ್ಟು ನಂಬಬೇಕು? ಇದು ಶೋಕಿಯ ಪ್ರಶ್ನೆಯಲ್ಲ. ಆ ಬೆಳಗ್ಗೆ ನಾನು ಆಡಿದ, ಇಲ್ಲವೇ ಆಡದ, ಒಂದು ಮಾತಿನ ಮೇಲೆ ಮುಂದೆ ಒಬ್ಬ ಹೆಣ್ಣುಮಗಳ ಕೆಲಸ ನಿಂತಿತು.

ಪೀಣ್ಯದಲ್ಲಿ ವಾಲ್ವ್‌ಗಳ ಬಿಡಿಭಾಗ ತಯಾರಿಸುವ ಕಾರ್ಖಾನೆ ಅದು. ಅಲ್ಲಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು ನಾನೊಬ್ಬನೇ. ಮೂಲೆಯ ಕೋಣೆಯಲ್ಲಿ ಒಂದು ಲಿನಕ್ಸ್ ಸರ್ವರ್. ಶಾಪ್ ಫ್ಲೋರಿನ ಟರ್ಮಿನಲ್‌ಗಳೆಲ್ಲ ಅದಕ್ಕೆ ಜೋಡಿಸಿದವು. ತಯಾರಾದ ಭಾಗಗಳ ಅಳತೆಯನ್ನು ಇನ್‌ಸ್ಪೆಕ್ಷನ್ ಮೇಜಿನವರು ಅದರಲ್ಲಿ ತುಂಬಬೇಕು. ಒಬ್ಬ ದೊಡ್ಡ ಗಿರಾಕಿಯ ಆಡಿಟ್ ಹತ್ತಿರ ಬಂದಾಗ ಮ್ಯಾನೇಜರು ಕರೆದು, ಪಾಸ್‌ವರ್ಡ್‌ಗಳಿಗೆ ನಿಯಮ ಇರಬೇಕಂತೆ, ಮಾಡಿಬಿಡಿ ಎಂದರು. ಅಲ್ಲಿಯವರೆಗೆ ನಮ್ಮಲ್ಲಿ ಪಾಸ್‌ವರ್ಡ್ ಎಂದರೆ ಒಮ್ಮೆ ಇಟ್ಟ ಹೆಸರಿದ್ದಂತೆ, ಯಾರೂ ಬದಲಾಯಿಸುತ್ತಿರಲಿಲ್ಲ.

ನಿಯಮ ಹಾಕುವುದು ಕಷ್ಟದ ಕೆಲಸವಲ್ಲ. ಒಂದು ಫೈಲಿನಲ್ಲಿ ಮೂರು ಸಂಖ್ಯೆ: ಪಾಸ್‌ವರ್ಡ್ ಎಷ್ಟು ದಿನಕ್ಕೆ ಹಳತಾಗಬೇಕು, ಎಷ್ಟು ದಿನ ಮೊದಲು ಎಚ್ಚರಿಸಬೇಕು, ಒಮ್ಮೆ ಬದಲಾಯಿಸಿದ ಮೇಲೆ ಮತ್ತೆ ಬದಲಾಯಿಸಲು ಎಷ್ಟು ದಿನ ಕಾಯಬೇಕು. ಮೂರನೆಯದಕ್ಕೆ ಏಳು ಎಂದು ಬರೆದೆ. ಇಲ್ಲದಿದ್ದರೆ ಜನ ಬದಲಾಯಿಸಿದಂತೆ ಮಾಡಿ ಅದೇ ಗಳಿಗೆಯಲ್ಲಿ ಹಳೆಯದಕ್ಕೆ ಮರಳುತ್ತಾರೆ. ಆದರೆ ಆ ಫೈಲು ಮುಂದೆ ಸೇರುವವರಿಗೆ ಮಾತ್ರ ಅನ್ವಯಿಸುತ್ತದೆ. ಆಗಲೇ ಇದ್ದವರ ಹೆಸರುಗಳಿಗೆ ಬೇರೆ ಕಮಾಂಡ್‌ನಿಂದ ಒಂದೊಂದಾಗಿ ಅದೇ ಸಂಖ್ಯೆಗಳನ್ನು ಹಾಕಿದೆ. ಅವರು ಕೊನೆಯ ಸಲ ಪಾಸ್‌ವರ್ಡ್ ಬದಲಾಯಿಸಿದ ದಿನ ಎಂಬಲ್ಲಿ ಸೊನ್ನೆ ಇಟ್ಟೆ. ಸೊನ್ನೆ ಕಂಡರೆ ಮುಂದಿನ ಸಲ ಲಾಗಿನ್ ಆದ ಕೂಡಲೇ ಹೊಸ ಪಾಸ್‌ವರ್ಡ್ ಕೊಡು ಎಂದು ಯಂತ್ರ ಪಟ್ಟು ಹಿಡಿಯುತ್ತದೆ. ಹತ್ತು ನಿಮಿಷ ಯಾರೂ ಕೀಲಿ ಒತ್ತದಿದ್ದರೆ ತಾನೇ ಹೊರಗೆ ಹಾಕುವಂತೆಯೂ ಮಾಡಿದೆ. ಆ ಟರ್ಮಿನಲ್‌ಗಳಲ್ಲಿ ಕನ್ನಡ ಅಕ್ಷರ ಬರೀ ಚೌಕಗಳಾಗಿ ಕಾಣುತ್ತಿದ್ದುದರಿಂದ, ಯಾರಿಗೂ ಪಾಸ್‌ವರ್ಡ್ ಹೇಳಬೇಡಿ ಎಂಬ ಸಾಲನ್ನು ಇಂಗ್ಲಿಷ್ ಲಿಪಿಯಲ್ಲಿ ಕನ್ನಡವಾಗಿಯೇ ಬರೆದು ಪರದೆಯ ನೆತ್ತಿಗೆ ಹಾಕಿದೆ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಇನ್‌ಸ್ಪೆಕ್ಷನ್ ಮೇಜಿನ ರೂಢಿ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಗಿನ ಪಾಳಿಗೆ ಗದಗಿನ ಕಡೆಯ ಒಬ್ಬರು ಬರುತ್ತಿದ್ದರು, ಎಲ್ಲರಿಗೂ ಅಕ್ಕ. ನಾಗಸಂದ್ರದಲ್ಲಿ ಬಾಡಿಗೆ ಕೋಣೆ. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಆರು ಗಂಟೆಗೆ ಬಂದು ಅಳತೆಯ ಗೇಜುಗಳನ್ನು ಒರೆಸಿ, ಮೇಜಿಗೆ ಒಂದು ಹೂ ಇಟ್ಟು, ತಮ್ಮ ಹೆಸರಿನಲ್ಲಿ ಕಂಪ್ಯೂಟರ್ ತೆರೆಯುತ್ತಿದ್ದರು. ಎರಡು ಗಂಟೆಗೆ ಅವರು ಹೋದ ಮೇಲೆ ಮಧ್ಯಾಹ್ನದ ಪಾಳಿಯವನು ಅದೇ ಹೆಸರಿನಲ್ಲಿ ಮುಂದುವರಿಸುತ್ತಿದ್ದ. ಅವನಿಗೂ ನಾನೊಂದು ಲಾಗಿನ್ ಕೊಟ್ಟಿದ್ದೆ. ಅದನ್ನು ಅವನು ಒಮ್ಮೆಯೂ ಬಳಸದೆ ಮರೆತಿದ್ದ. ಬೆಳಗ್ಗೆ ತೆರೆದವರು ಒಬ್ಬರು, ರಾತ್ರಿ ಮುಚ್ಚುವವರು ಇನ್ನೊಬ್ಬರು, ಅಂಗಡಿಯ ಬಾಗಿಲಿನ ಹಾಗೆ. ಕಾಗದದ ಕಾಲದಲ್ಲಿ ಇಬ್ಬರೂ ಬೇರೆ ಬೇರೆ ಸಹಿ ಹಾಕುತ್ತಿದ್ದರಂತೆ. ಆ ಅಭ್ಯಾಸ ಕಂಪ್ಯೂಟರಿಗೆ ಬರಲಿಲ್ಲ.

ಆ ಬೆಳಗ್ಗೆ ಅಕ್ಕ ಕರೆದರು.

"ಸರ, ಪಾಸ್‌ವರ್ಡ್ ಈಗರ ಹಾಕೀನಿ, ಮತ್ತ ಅದನ್ನ ಕೇಳಾಕ ಹತ್ತೈತಿ. ಕಿವಿ ಕೇಳ್ಸಂಗಿಲ್ಲೇನ್ರೀ ಇದಕ್ಕ?"

"ಒಳಗೆ ಬಿಡೋಕೆ ಒಂದ್ಸಲ ಅಕ್ಕ, ಬದಲಾಯಿಸೋಕೆ ಇನ್ನೊಂದ್ಸಲ. ಹಳೇದನ್ನೇ ಹಾಕಿ, ಆಮೇಲೆ ಹೊಸದು ಎರಡು ಸಲ."

"ಒತ್ತಿದ್ರ ಏನೂ ಬೀಳವಲ್ದು."

"ಬೀಳುತ್ತೆ, ಕಾಣಲ್ಲ."

ಅವರು ಟೈಪ್ ಮಾಡುವಾಗ ನಾನು ಗೋಡೆಗೆ ಮುಖ ಮಾಡಿ ನಿಂತೆ. ಯಾರೇ ಪಾಸ್‌ವರ್ಡ್ ಹಾಕಲಿ, ನಾನು ಹಾಗೆಯೇ ಮಾಡುವುದು. ಮೊದಲನೆಯದು ಚಿಕ್ಕದಾಯಿತು ಎಂದು ಯಂತ್ರ ತಿರಸ್ಕರಿಸಿತು. ಎರಡನೆಯದು ನಿಘಂಟಿನ ಪದ ಎಂದಿತು.

"ಇದು ನಮ್ಮತ್ತಿ ಇದ್ದಂಗ ಐತಿ ಬಿಡ್ರಿ," ಎಂದರು ಅಕ್ಕ. "ಯಾವ ಸಾರು ಮಾಡಿದ್ರೂ ಒಂದ್ ಕೊಂಕು."

"ಇಂಗ್ಲಿಷ್ ಪದ ಹಾಕಿದ್ರೆ ಹಿಡಿಯುತ್ತೆ ಅಕ್ಕ. ಅದಕ್ಕೆ ಕನ್ನಡ ಬರಲ್ಲ. ಉದ್ದದ್ದೊಂದು ಕನ್ನಡ ಪದ ಹಾಕಿ, ಜೊತೆಗೊಂದು ನಂಬರ್."

ಒಂದೇ ಬೆರಳಿನ ಸದ್ದು, ನಿಧಾನವಾಗಿ. ಆಮೇಲೆ ಅವರ ನಗು. ಯಂತ್ರ ಒಪ್ಪಿತ್ತು. ಯಾವ ಪದ ಎಂದು ನಾನು ಕೇಳಲಿಲ್ಲ. ಅವರು ಹೇಳಲಿಲ್ಲ, ಅಷ್ಟು ಖಂಡಿತ. ಆಗ ಅವರು ಇನ್ನೊಂದು ಮಾತು ಕೇಳಿದರು:

"ಸರ, ಮಧ್ಯಾಹ್ನ ಅವಂಗ ಹೇಳ್ಲೇನ್ರೀ ಇದನ್ನ? ಹತ್ತ್ ನಿಮಿಷಕ್ಕ ಬಂದ್ ಆಗ್ತೈತಿ ಅಂತೀರಿ. ಸಂಜಿಗೆ ಲಾಟ್ ಹೋಗ್ಬೇಕು."

ಪ್ರಶ್ನೆ ಅಕ್ಷರಶಃ ನೆನಪಿದೆ. ಉತ್ತರ ಹುಡುಕಿದರೆ ಗೋಡೆ ಸಿಗುತ್ತದೆ: ಕೆಂಪು ಅಡ್ಡಗುರುತಿನ ಪ್ರಥಮ ಚಿಕಿತ್ಸೆ ಡಬ್ಬಿ, ಅದರ ಮುಚ್ಚಳದ ತುಕ್ಕು, ಪಕ್ಕದಲ್ಲಿ ಹಳೇ ತಿಂಗಳಲ್ಲೇ ನಿಂತ ಕ್ಯಾಲೆಂಡರ್. ಆ ಹೊತ್ತಿಗೆ ನಾನು ತಿರುಗಿ ನಿಂತಿದ್ದೆನೋ ಇಲ್ಲವೋ. ತಿರುಗಿದ್ದರೆ ಅವರ ಮುಖ ನೆನಪಿರಬೇಕಿತ್ತು. ಪ್ಯಾಕಿಂಗ್ ವಿಭಾಗದಿಂದ, ಸ್ಟೋರಿನಿಂದ, ಅಕೌಂಟ್ಸ್‌ನಿಂದ ಎಲ್ಲರೂ ನನ್ನನ್ನು ಕೂಗುತ್ತಿದ್ದರು. ಮಧ್ಯಾಹ್ನದ ಪಾಳಿಯವನು ಮರೆತ ಲಾಗಿನ್ ಸರಿಮಾಡಲು ಎರಡು ನಿಮಿಷ ಸಾಕಿತ್ತು. ನಾಳೆ ಮಾಡೋಣ ಎಂದುಕೊಂಡೆ. ಇದು ನೆನಪೋ, ಆಮೇಲೆ ನನಗೆ ನಾನೇ ಹೇಳಿಕೊಂಡ ಸಮಜಾಯಿಷಿಯೋ, ಬೇರ್ಪಡಿಸಲಾರೆ. ಮರುದಿನವೂ ಸರಿಮಾಡಲಿಲ್ಲ. ಅದು ಮಾತ್ರ ನಿಜ.

ಕೆಲವು ವಾರಗಳ ನಂತರ ಗಿರಾಕಿ ಒಂದು ಲಾಟ್ ವಾಪಸ್ ಕಳಿಸಿದ. ಭಾಗಗಳ ಒಳಗಿನ ತೂತು ಅಳತೆಗಿಂತ ದೊಡ್ಡದಾಗಿತ್ತು. ದಾಖಲೆ ತೆಗೆದು ನೋಡಿದರೆ, ಪಾಸ್‌ವರ್ಡ್ ಬದಲಾದ ಅದೇ ದಿನ ಸಂಜೆ ನಾಲ್ಕೂವರೆ ದಾಟಿದ ಮೇಲೆ, ಅಳತೆ ಸರಿಯಿದೆ ಎಂದು ಅಕ್ಕನ ಹೆಸರಿನಲ್ಲಿ ತುಂಬಲಾಗಿತ್ತು. ಅಕ್ಕ ಎರಡಕ್ಕೇ ಕಾರ್ಡ್ ಒತ್ತಿ ಮನೆಗೆ ಹೋಗಿದ್ದರು. ಮುಂದಿನ ತಿಂಗಳು ಅವರನ್ನು ಕಾಯಂ ಮಾಡುವುದಿತ್ತು. ನಾಲ್ಕು ವರ್ಷ ಗುತ್ತಿಗೆಯಲ್ಲಿ ದುಡಿದ ಮೇಲೆ. ಕಾಗದ ತಯಾರಾಗಿ ಮ್ಯಾನೇಜರರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು.

ಮ್ಯಾನೇಜರರ ಕೋಣೆಗೆ ನಮ್ಮ ಮೂವರನ್ನೂ ಕರೆದರು. ಮಧ್ಯಾಹ್ನದ ಪಾಳಿಯವನು ಮೊದಲೇ ತಯಾರಾಗಿ ಬಂದಿದ್ದ.

"ಸಾರ್, ಅಕ್ಕ ಚೀಟೀಲಿ ಬರೆದಿಟ್ಟು ಹೋಗಿದ್ರು. ನಾನು ಟೈಪ್ ಮಾಡ್ದೆ ಅಷ್ಟೇ. ಅಳತೆ ನಂದಲ್ಲ."

"ಯಾವ ಚೀಟಿಯೋ ತಮ್ಮ? ತೋರ್ಸು," ಎಂದರು ಅಕ್ಕ.

"ಅವತ್ತಿಂದು ಇವತ್ತು ಎಲ್ಲಿರುತ್ತಕ್ಕ?"

ಮ್ಯಾನೇಜರು ಕೈ ಎತ್ತಿದರು. "ಚೀಟಿ ಗೀಟಿ ಆಮೇಲೆ. ಪಾಸ್‌ವರ್ಡ್ ಕೊಟ್ರೋ ಇಲ್ವೋ? ಯಾರಿಗೂ ಹೇಳಬೇಡಿ ಅಂತ ದಿನಾ ಸ್ಕ್ರೀನಲ್ಲೇ ಬರುತ್ತಲ್ರೀ."

ನನ್ನ ಸಾಲು ಅದು.

"ಕೊಟ್ಟೀನ್ರೀ," ಎಂದರು ಅಕ್ಕ. "ಈ ಸರನ್ನ ಕೇಳೇ ಕೊಟ್ಟೀನಿ. ಹೋಗೋ ಮುಂದ ಅವಂಗ ಹೇಳಿ, ಮನಸ್ಸು ತಡೀಲಿಲ್ಲ, ಮರುದಿನ ಬಂದು ಬದ್ಲಿ ಮಾಡಾಕ ನೋಡೀನಿ. ಇನ್ನೂ ಕಾಯ್ಬೇಕು ಅಂತು. ಎಷ್ಟ್ ಸಲ ನೋಡಿದ್ರೂ ಅದ."

ಆ ಮಾತು ಕಟ್ಟುಕಥೆಯಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಏಳು ದಿನದೊಳಗೆ ಬದಲಾಯಿಸಲು ಹೋದರೆ ಯಂತ್ರ ಹೇಳುವುದು ಅದನ್ನೇ. ನಾನು ಏಳು ಎಂದು ಬರೆದದ್ದು ಹಳೆಯದಕ್ಕೆ ಮರಳುವ ಸೋಮಾರಿಗಳನ್ನು ಹಿಡಿಯಲು. ತಪ್ಪು ತಿದ್ದಿಕೊಳ್ಳಲು ಬಂದವರೂ ಅದರಲ್ಲೇ ಸಿಕ್ಕಿಕೊಳ್ಳುತ್ತಾರೆ ಎಂದು ಯೋಚಿಸಿರಲಿಲ್ಲ. ಅದನ್ನು ಹೇಳಿದೆ. ಆ ನಿಯಮ ನನ್ನದು, ಅವರು ಬದಲಾಯಿಸಲು ಹೋಗಿದ್ದು ನಿಜವಿರಬೇಕು ಎಂದೆ.

"ಅದು ಮರುದಿನದ ಮಾತು," ಎಂದರು ಮ್ಯಾನೇಜರು. "ಅವತ್ತು ಬೆಳಗ್ಗೆ ಇವರು ನಿಮ್ಮನ್ನ ಕೇಳಿದ್ರಾ?"

"ಕೇಳಿದ್ರು."

"ನೀವೇನಂದ್ರಿ? ನೀವು ಹೂಂ ಅಂದಿದ್ರೆ ಇವರ ಮೇಲೆ ಏನೂ ಇಲ್ಲ. ಬೇಡ ಅಂದಿದ್ರೆ ಈ ಕಾಗದಕ್ಕೆ ನಾನು ಸಹಿ ಮಾಡಕ್ಕಾಗಲ್ಲ."

ಅಕ್ಕ ನನ್ನನ್ನು ನೋಡುತ್ತಿದ್ದರು. ಬೇಡಿಕೊಳ್ಳುವ ನೋಟವಲ್ಲ. ಯಂತ್ರ ಒಪ್ಪುತ್ತದೋ ಇಲ್ಲವೋ ಎಂದು ಪರದೆ ನೋಡುತ್ತಾರಲ್ಲ, ಹಾಗೆ.

"ನೆನಪಿಲ್ಲ ಸಾರ್," ಎಂದೆ. "ಹೂಂ ಅಂದಿರಬಹುದು."

"ಅಂದಿರಬಹುದು ಅನ್ನೋದನ್ನ ರಿಪೋರ್ಟಲ್ಲಿ ಎಲ್ಲಿ ಬರೀಲಿ ಗುರು?"

ಹೂಂ ಅಂದಿರಬಹುದು ಎಂದು ನಿಜಕ್ಕೂ ಬಾಯಿ ಬಿಟ್ಟು ಹೇಳಿದೆನೇ? ಮೇಲೆ ಹಾಗೆ ಬರೆದಿದ್ದೇನೆ. ಮ್ಯಾನೇಜರರ ಉತ್ತರ ನೆನಪಿರುವುದರಿಂದ ಹೇಳಿರಲೇಬೇಕು. ಆದರೆ ಆ ಮಾತಿಗೆ ಆಗ ಎಷ್ಟು ದನಿಯಿತ್ತೋ ಕಾಣೆ. ನೆನಪಿಲ್ಲ ಎಂಬುದು ಪ್ರಾಮಾಣಿಕ ಉತ್ತರ, ಅದರಲ್ಲಿ ಅನುಮಾನವಿಲ್ಲ. ಅದು ನನಗೆ ಅನುಕೂಲದ ಉತ್ತರವೂ ಆಗಿತ್ತು. ಎರಡೂ ಒಂದೇ ಮಾತಿನಲ್ಲಿ ಕೂರಬಹುದು ಎಂದು ಅಂದೇ ತಿಳಿದದ್ದು.

ಕಾಗದಕ್ಕೆ ಸಹಿ ಬೀಳಲಿಲ್ಲ. ಮೂರು ತಿಂಗಳು ಅಕ್ಕನನ್ನು ಪ್ಯಾಕಿಂಗ್‌ಗೆ ಹಾಕಿದರು, ಆಮೇಲೆ ಗುತ್ತಿಗೆ ಮುಂದುವರಿಸಲಿಲ್ಲ. ಹೋಗುವ ದಿನ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಸರ, ನನ್ನ ಹೆಸರು ಅದರಾಗಿಂದ ತೆಗೀರಿ ಮತ್ತ, ಯಾರರ ಬಳಸಿಯಾರು," ಎಂದರು. ಅವರೆದುರಿಗೇ ಲಾಗಿನ್‌ಗೆ ಬೀಗ ಹಾಕಿ ತೋರಿಸಿದೆ. ಅತ್ತಿಬೆಲೆ ಕಡೆ ಯಾವುದೋ ಕಾರ್ಖಾನೆ ಸೇರಿದರೆಂದು ಯಾರೋ ಹೇಳಿದರು.

ಆಮೇಲೆ ಸರ್ವರಿನ ಹಳೆಯ ಲಾಗ್‌ಗಳನ್ನೆಲ್ಲ ಜಾಲಾಡಿದೆ. ಯಾವ ಹೆಸರು, ಯಾವ ಟರ್ಮಿನಲ್, ಎಷ್ಟು ಗಂಟೆ, ಎಲ್ಲ ಇದೆ. ಆ ಬೆಳಗ್ಗೆ ಆರು ಗಂಟೆ ದಾಟಿದ ಮೇಲೆ ಅವರ ಪಾಸ್‌ವರ್ಡ್ ಬದಲಾಯಿತು ಎಂಬ ಸಾಲೂ ಇದೆ. ಅದರ ದಿನಾಂಕ ನೋಡಿಯೇ ಸೋಮವಾರವಲ್ಲ, ಮಂಗಳವಾರ ಎಂದು ಖಚಿತವಾದದ್ದು. ಕೀಲಿ ಒತ್ತಿದ ಬೆರಳು ಯಾರದು ಎಂದು ಅದು ಹೇಳುವುದಿಲ್ಲ. ಗೋಡೆಗೆ ಮುಖ ಮಾಡಿ ನಿಂತವನು ಏನೆಂದ ಎಂದೂ ಹೇಳುವುದಿಲ್ಲ.

ಈಗ ಆ ಏಳನ್ನು ಸೊನ್ನೆ ಮಾಡಿದ್ದೇನೆ. ಆಡಿಟ್‌ನವರು ಪ್ರತಿ ಸಲ ಯಾಕೆ ಎಂದು ಕೇಳುತ್ತಾರೆ, ಏನೋ ಒಂದು ಹೇಳುತ್ತೇನೆ. ಅಳತೆ ಯಾರದ್ದು, ಚೀಟಿ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಅಕ್ಕ ಕೇಳಿದಾಗ ನಾನು ಹೂಂ ಅಂದೆನೋ, ಬೇಡ ಅಂದೆನೋ, ಏನೂ ಅನ್ನದೆ ಮುಂದಿನ ಟರ್ಮಿನಲ್ಲಿಗೆ ಹೋದೆನೋ, ಅದೂ ಗೊತ್ತಿಲ್ಲ.