ತಲೆಬಾಗದ ಮೇಣದಬತ್ತಿ

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಸುದ್ದಗುಂಟೆಪಾಳ್ಯದ ಓಣಿಯೊಂದರ ತುದಿಯಲ್ಲಿರುವ ತಗಡಿನ ಸೂರಿನ ಉಗ್ರಾಣದಲ್ಲಿ, ಸರಕು ಜೋಡಿಸುವ ಅಟ್ಟಣಿಗೆಯ ಮೇಲುಹಲಗೆಯ ಮೇಲೆ ನಿಲ್ಲಿಸಿದ್ದ ಒಂದು ಮೇಣದಬತ್ತಿ ಆ ವರ್ಷದ ಬೇಸಗೆಯನ್ನೆಲ್ಲ ನೆಟ್ಟಗೆ ನಿಂತು ಕಳೆಯಿತು. ಮೇಣದಬತ್ತಿ ನಿಂತರೆ ಅದೇನು ಸಾಧನೆ ಎಂದು ಕೇಳುವವರು ಅದರ ಹಿಂದಿನ ಬೇಸಗೆಯನ್ನು ಕಂಡವರಲ್ಲ. ಆಗ ಅದೇ ಹಲಗೆಯ ಮೇಲಿದ್ದ, ಕಾರಿಗೆ ಹೊಳಪು ಕೊಡುವ ಸ್ಪ್ರೇ ಡಬ್ಬಿಯೊಂದು ನಡುಮಧ್ಯಾಹ್ನ ಪಟಾಕಿಯಂತೆ ಸಿಡಿದು, ಅದರ ಮುಚ್ಚಳ ಸೂರಿಗೆ ಬಡಿದಿತ್ತು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಉಗ್ರಾಣವನ್ನೇ ಮುಚ್ಚಿಬಿಡುವುದೆಂದು ಮಾಲೀಕರಾದ ಅನಂತರಾಮು ನಿಶ್ಚಯಿಸಿದ್ದರು. ಅದನ್ನು ಮುಚ್ಚದಂತೆ ಉಳಿಸಿದ್ದು ಒಂದು ಬಾನಿ ಸುಣ್ಣ, ಒಂದು ಪಾತ್ರೆ ಗಂಜಿ ಮತ್ತು ನೀಲಗಂಗಮ್ಮ ಎಂಬ ಹೆಣ್ಣುಮಗಳ ಹಟ.

ಇಂದು, ಯುಗಾದಿಗೆ ಮುಂಚಿನ ಭಾನುವಾರ, ಪೂರ್ವದಲ್ಲಿ ಇನ್ನೂ ಕೆಂಪು ಮೂಡಿಲ್ಲ. ಅದೇ ಉಗ್ರಾಣದ ಅಂಗಳದಲ್ಲಿ ಅರವತ್ತು ದಾಟಿದ ನೀಲಗಂಗಮ್ಮ ಬಾನಿಯ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದಾರೆ. ಸುಣ್ಣದ ಕಲ್ಲನ್ನು ನಿನ್ನೆ ಸಂಜೆಯೇ ನೀರಿನಲ್ಲಿ ಅರಳಿಸಿಟ್ಟದ್ದಾಗಿದೆ. ಈಗ ಅದಕ್ಕೆ ತೆಳುಬಟ್ಟೆಯಲ್ಲಿ ಸೋಸಿದ ಅಕ್ಕಿಗಂಜಿಯನ್ನೂ ಒಂದು ಹಿಡಿ ಕಲ್ಲುಪ್ಪನ್ನೂ ಬೆರೆಸಿ, ಉದ್ದ ಕೋಲಿನಿಂದ ಕಲಕುತ್ತಿದ್ದಾರೆ. ಮೊಣಕೈವರೆಗೆ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದಾರೆ. ಸುಣ್ಣ ಚರ್ಮವನ್ನು ಸುಡಬಾರದಲ್ಲ.

ಪ್ರತಿ ವರ್ಷ ಈ ಹೊತ್ತಿಗೆ ಅವರು ಸೂರಿನ ಮೇಲಿರುತ್ತಿದ್ದರು. ಈ ಸಲ ಮಂಡಿ ಒಪ್ಪುತ್ತಿಲ್ಲ. ಏಣಿ ಹತ್ತುತ್ತಿರುವವಳು ಪ್ರಿಯಾಂಕಾ. ಇಪ್ಪತ್ತಾರರ ಈ ತರುಣಿ ನಾಲ್ಕು ವರ್ಷಗಳಿಂದ ಇಲ್ಲಿ ಪೆಟ್ಟಿಗೆ ಕಟ್ಟುವ ಕೆಲಸದಲ್ಲಿದ್ದಾಳೆ.

"ಬೋಲ್ಟ್ ಇರೋ ಸಾಲಲ್ಲೇ ಕಾಲಿಡು ಕಣಮ್ಮ. ಅದರ ಕೆಳಗೆ ಕಬ್ಬಿಣ ಐತೆ. ಮಧ್ಯ ಕಾಲಿಟ್ಟರೆ ನೆಟ್ಟಗೆ ಶಾಂಪೂ ಡ್ರಮ್ಮಿಗೇ ಬೀಳ್ತೀಯ."

"ಬಿದ್ದರೆ ಒಳ್ಳೇದೇ ಬಿಡಿ ಆಂಟಿ. ಹಬ್ಬಕ್ಕೆ ತಲೆಸ್ನಾನ ಆಗೋಗುತ್ತೆ."

"ಆಗುತ್ತೆ, ಆಗುತ್ತೆ. ಕಾರು ತೊಳೆಯೋ ಶಾಂಪೂ ಅದು. ಆಮೇಲೆ ನಿನ್ನ ತಲೇಲಿ ಮುಖ ನೋಡ್ಕೊಂಡು ಓಣಿಯೋರೆಲ್ಲ ಬೈತಲೆ ತೆಗೀತಾರೆ."

ನಗೆಯ ಹಿಂದೆ ಒಂದು ಗಟ್ಟಿ ಒಪ್ಪಂದವಿದೆ. ಉಗ್ರಾಣದ ಬೀಗದ ಕೈಗೊಂಚಲು ಇಷ್ಟು ವರ್ಷವೂ ನೀಲಗಂಗಮ್ಮನವರ ಸೊಂಟದಲ್ಲಿದೆ. ಅದನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನು ಮಾಲೀಕರು ಅವರಿಗೇ ಬಿಟ್ಟಿದ್ದಾರೆ. ಅವರ ಷರತ್ತು ಒಂದೇ: ಪ್ರಿಯಾಂಕಾ ಬಳಿದ ಸುಣ್ಣದ ಕೆಳಗೆ ಒಂದು ಮಧ್ಯಾಹ್ನದ ಬಿಸಿಲನ್ನು ಮೇಣದಬತ್ತಿಗಳು ತಲೆಬಾಗದೆ ಕಳೆದರೆ ಗೊಂಚಲು ಅವಳದು. ಪೆಟ್ಟಿಗೆ ಕಟ್ಟುವ ಕೆಲಸದಿಂದ ಉಗ್ರಾಣ ನೋಡಿಕೊಳ್ಳುವ ಹೊಣೆಗೆ ಏರಬೇಕೆಂಬುದು ಅವಳ ಬಹುದಿನದ ಬಯಕೆ.

ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ತಾಕುವುದು ನಿಂಬೆ, ಮೇಣ ಮತ್ತು ರಬ್ಬರುಗಳ ಬೆರಕೆ ವಾಸನೆ. ಕಾರು ತೊಳೆಯುವ ಶಾಂಪೂ, ಗಾಜು ಒರೆಸುವ ದ್ರವ, ಟೈರಿಗೆ ಕಪ್ಪು ಕೊಡುವ ಎಣ್ಣೆ, ಮೇಣದ ಡಬ್ಬಿ, ಸುಗಂಧದ ಸೀಸೆ, ಸ್ಪ್ರೇ ಡಬ್ಬಿಗಳೆಲ್ಲ ಸುಮಾರು ನಾನೂರು ಪೆಟ್ಟಿಗೆಗಳಲ್ಲಿ ತುಂಬಿ ಕುಳಿತಿವೆ. ಜಯನಗರದಿಂದ ಬನಶಂಕರಿಯವರೆಗಿನ ಅಂಗಡಿಗಳಿಗೂ ಕಾರು ತೊಳೆಯುವ ತಾಣಗಳಿಗೂ ಸರಕು ಹೋಗುವುದು ಇಲ್ಲಿಂದಲೇ. ಇವುಗಳನ್ನು ಜೋಡಿಸುವಲ್ಲಿ ನೀಲಗಂಗಮ್ಮನವರದೊಂದು ಕ್ರಮವಿದೆ. ಸಿಡಿಯುವಂಥದ್ದು ನೆಲದ ಹತ್ತಿರ, ಪೂರ್ವದ ಗೋಡೆಗೆ. ಪಶ್ಚಿಮದ ಗೋಡೆ ಸಂಜೆಯ ಬಿಸಿಲನ್ನು ಹೀರುವುದರಿಂದ ಅದಕ್ಕೆ ಒರೆಸುವ ಬಟ್ಟೆ, ಸ್ಪಂಜು, ಖಾಲಿ ಬಕೆಟ್ಟುಗಳ ಕಾವಲು. ಯಾವುದೂ ಬರಿಯ ನೆಲಕ್ಕಾಗಲಿ ಗೋಡೆಗಾಗಲಿ ತಾಗುವಂತಿಲ್ಲ. ನಡುವೆ ಗಾಳಿ ಓಡಾಡಬೇಕು.

"ಕಾರಿನೋರು ಬಂದು ಕೇಳ್ತಾರೆ ಸಾರ್, ಡಬ್ಬಿ ಮೇಲೆ ಬಿಸಿಲಲ್ಲಿಡಬೇಡಿ ಅಂತ ಯಾಕೆ ಬರ್ದವ್ರೆ ಅಂತ. ನಾನು ಕೇಳ್ತೀನಿ, ಕಿಟಕಿ ಏರಿಸಿ ಮಗೂನ ಕಾರೊಳಗೆ ಬಿಟ್ಟು ಹೋಗ್ತೀರಾ? ಹಂಗೇ ಇದೂನೂ. ಬಳಸಿ ಮನೆ ಒಳಗೆ ಇಟ್ಕೊಳ್ಳಿ, ಡಿಕ್ಕೀಲಿ ಬಿಡಬೇಡಿ. ಒಲೆ ಹತ್ರ ಬೇಡ, ಮಕ್ಕಳ ಕೈಗೂ ಸಿಗಬಾರದು. ಇಷ್ಟೇ ವಿದ್ಯೆ," ಎಂದು ನೀಲಗಂಗಮ್ಮ ಅವರ ಕತೆ ಬರೆದುಕೊಳ್ಳಲು ಬಂದ ನನಗೆ ಹೇಳುತ್ತಾರೆ.

ಪ್ರತಿ ಅಟ್ಟಣಿಗೆಯ ಮೇಲುಹಲಗೆಯಲ್ಲೂ ಬೆರಳುದ್ದದ ಒಂದೊಂದು ಮೇಣದಬತ್ತಿ ನಿಂತಿದೆ, ಅದರ ಮಗ್ಗುಲಿಗೆ ಕೊಬ್ಬರಿ ಎಣ್ಣೆಯ ಒಂದೊಂದು ಪುಟ್ಟ ಸೀಸೆ. ಮೇಣದಬತ್ತಿಗಳಿಗೆ ಬತ್ತಿಯೇ ಇಲ್ಲ. ಬೆಂಕಿಯನ್ನು ಹತ್ತಿರ ಸುಳಿಯಗೊಡಬಾರದ ಜಾಗದಲ್ಲಿ ಯಾರಾದರೂ ಮರೆತು ಹಚ್ಚಿಬಿಟ್ಟರೆ ಎಂಬ ಭಯಕ್ಕೆ, ತಲೆಯ ಕಡೆಯ ಬತ್ತಿಯನ್ನು ಕತ್ತರಿಸಿ ತೆಗೆದಿದ್ದಾರೆ. ಮೇಲಿನ ಗಾಳಿ ಮಿತಿಮೀರಿ ಕಾದರೆ ಮೇಣದಬತ್ತಿ ಮೆಲ್ಲನೆ ಬಾಗುತ್ತದೆ. ಆ ಸಾಲಿನ ಪೆಟ್ಟಿಗೆಗಳನ್ನು ಕೂಡಲೇ ಕೆಳಗಿಳಿಸಬೇಕೆಂಬುದಕ್ಕೆ ಅದೇ ಸೂಚನೆ. ಮಾರ್ಗಶಿರ, ಪುಷ್ಯ ಮಾಸಗಳ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಡಬ್ಬಿಯೊಳಗಿನ ಹೊಳಪಿನ ಮೇಣವೂ ಬಿಗಿದುಕೊಂಡಿದೆಯೆಂದು ಅರ್ಥ. ಅಂದು ಅದನ್ನು ಹೊತ್ತೇರಿದ ಮೇಲೆಯೇ ಕಳಿಸುತ್ತಾರೆ. ಬೆಂಗಳೂರಿನ ಚಳಿ ಶಾಂಪೂವನ್ನು ಕೆಡಿಸುವಷ್ಟು ಕ್ರೂರವಲ್ಲ. ಆದರೆ ಒಮ್ಮೆ ಊಟಿಗೆ ಹೋದ ಪೆಟ್ಟಿಗೆ ಅಲ್ಲಿಯ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗೆ ಸಿಕ್ಕಿ, ಒಡೆದ ಹಾಲಿನಂತಾಗಿ ಹಿಂದಿರುಗಿತ್ತು. ಅಂದಿನಿಂದ ಬೆಟ್ಟದ ಊರುಗಳಿಗೆ ಹೋಗುವ ಪೆಟ್ಟಿಗೆಗಳ ಒಳಗೆ ಹಳೆಯ ಕಂಬಳಿಯ ತುಂಡುಗಳು ಸುತ್ತಿಕೊಳ್ಳುತ್ತವೆ.

ಯಡಿಯೂರಿನಲ್ಲಿ ಹುಟ್ಟಿ ಬೆಳೆದ ನೀಲಗಂಗಮ್ಮ ಇಲ್ಲಿಗೆ ಬಂದದ್ದು ಕಸ ಗುಡಿಸುವ ಕೆಲಸಕ್ಕೆ. ಗಂಡ ಬೇಗ ತೀರಿಕೊಂಡಿದ್ದರು. ಮಗಳು ಶಾಲೆಗೆ ಹೋಗುತ್ತಿದ್ದಳು. ಕರೆಂಟು ಹೋದಾಗ ಬೇಕಾದೀತೆಂದು ಕಚೇರಿ ಕೋಣೆಯ ಗೂಡಿನಲ್ಲಿ ಇಟ್ಟಿದ್ದ ಮೇಣದಬತ್ತಿಗಳು ಚೈತ್ರದ ಹೊತ್ತಿಗೆ ಕೊಕ್ಕರೆಯ ಕತ್ತಿನಂತೆ ಬಾಗುವುದನ್ನು ಅವರು ಗುಡಿಸುತ್ತ ಗುಡಿಸುತ್ತಲೇ ಗಮನಿಸಿದ್ದರು. ಡಬ್ಬಿ ಸಿಡಿದು, ಉಗ್ರಾಣ ಮುಚ್ಚುವ ಮಾತು ಬಂದಾಗ ಅವರೊಂದಿಗೆ ಇನ್ನೂ ಐವರ ಅನ್ನ ಅಲುಗಾಡಿತು. "ಮನೆಗೆ ಉಗಾದಿ ಸುಣ್ಣ ಹೊಡೀತೀವಲ್ಲ ಸಾಮಿ, ಈ ತಗಡಿಗೂ ಹೊಡೆದು ನೋಡಾಣ. ಬಿಳೀ ಸೀರೆ ಉಟ್ಟೋಳಿಗೂ ಕರೀ ಸೀರೆ ಉಟ್ಟೋಳಿಗೂ ಬಿಸಿಲು ಒಂದೇ ಥರ ಹತ್ತುತ್ತಾ?" ಎಂದು ಅನಂತರಾಮು ಅವರನ್ನು ಕೇಳಿದರಂತೆ. ಒಂದು ಬೇಸಗೆಯ ಅವಕಾಶ ಸಿಕ್ಕಿತು.

ತಮ್ಮ ಓರಗಿತ್ತಿ ಮುನಿಯಕ್ಕನನ್ನು ಜತೆಗೆ ಕರೆದುಕೊಂಡು ಸೂರು ಹತ್ತಿದರು. ಮೊದಲ ಸಲ ಬರಿಯ ಸುಣ್ಣ ಬಳಿದರು. ಎರಡನೆಯ ದಿನವೇ ಬಿದ್ದ ಬೇಸಗೆ ಮಳೆ ಅದನ್ನೆಲ್ಲ ತೊಳೆದು ಓಣಿಯ ಚರಂಡಿಗೆ ಹಾಲಿನಂತೆ ಹರಿಸಿತು. ಸುಣ್ಣ ತಗಡನ್ನು ಕಚ್ಚಿಕೊಳ್ಳಲೆಂದು ಎರಡನೆಯ ಸಲ ಗಂಜಿ ಬೆರೆಸಿದರು, ಆದರೆ ಸೋಸಲಿಲ್ಲ.

"ಅಗುಳೆಲ್ಲ ತಗಡ ಮೇಲೆ ಬಿತ್ತು ನೋಡಿ," ಎಂದು ನೀಲಗಂಗಮ್ಮ ಕೋಲನ್ನು ಬಾನಿಗೆ ಒರಗಿಸುತ್ತಾರೆ. "ಸುದ್ದಗುಂಟೆಪಾಳ್ಯದ ಕಾಗೆ, ತಾವರೆಕೆರೆ ಕಾಗೆ ಎಲ್ಲ ಬಂದು ಇಳಿದವು. ಕುಕ್ಕಿ ಕುಕ್ಕಿ ಸುಣ್ಣಾನೆಲ್ಲ ಎಬ್ಬಿಸ್ಬಿಟ್ಟವು. ಕೆಳಗೆ ಪಕ್ಕದ ಮನೆಯೋರು ಕೇಳ್ತವ್ರೆ, ಯಾರದಮ್ಮ ತಿಥಿ ಇವತ್ತು ಅಂತ! ನಮ್ಮ ಮುನಿಯಕ್ಕ ಅಂದ್ಲು, ಬೇಸಗೇದು ಕಣ್ರೀ, ನೀವೂ ಊಟಕ್ಕೆ ಬನ್ನಿ."

ಮೂರನೆಯ ಸಲ ಗಂಜಿಯನ್ನು ಬಟ್ಟೆಯಲ್ಲಿ ಸೋಸಿದರು. ಉಪ್ಪು ಬೆರೆಸಿದರು. ಅಷ್ಟರಲ್ಲಿ ಇಬ್ಬರ ಅಂಗಾಲೂ ಬೊಬ್ಬೆ ಎದ್ದಿತ್ತು. ಸುಣ್ಣ ನಿಂತಿತು. ಬೇಸಗೆ ಕಳೆದು ಮೊದಲ ಮುಂಗಾರು ಮಳೆ ಬಿದ್ದ ದಿನ ಅನಂತರಾಮು ತಾವೇ ಮೇಲುಹಲಗೆಗೆ ಕೈಚಾಚಿ, ನೆಟ್ಟಗಿದ್ದ ಮೇಣದಬತ್ತಿಯನ್ನು ಇಳಿಸಿದರು. ಮರುದಿನ ಬೀಗದ ಕೈಗೊಂಚಲು ನೀಲಗಂಗಮ್ಮನವರ ಸೊಂಟ ಸೇರಿತು.

ಈಗ ವ್ಯವಹಾರ ನೋಡಿಕೊಳ್ಳುವವರು ಅನಂತರಾಮು ಅವರ ಮಗ ಶ್ರೀಕರ್. ಗಾಳಿ ಹೊರದೂಡುವ ಫ್ಯಾನುಗಳನ್ನೂ ಬೆಂಕಿ ಆರಿಸುವ ಸಿಲಿಂಡರುಗಳನ್ನೂ ನಡುಗಂಬದಲ್ಲಿ ತಾಪಮಾಪಕವನ್ನೂ ಅವರು ಹಾಕಿಸಿದ್ದಾರೆ. ಅದರ ಅಂಕಿಯನ್ನು ನೀಲಗಂಗಮ್ಮ ದಿನವೂ ತಪ್ಪದೆ ನೋಡುತ್ತಾರೆ. "ಆ ಮೀಟರು ಕಂಬದ ಹತ್ರದ್ದು ಹೇಳುತ್ತೆ, ಕ್ಯಾಂಡಲ್ಲು ಮೂಲೆ ಮೂಲೇದು ಹೇಳುತ್ತೆ. ನಮಗೆ ಎರಡೂ ಬೇಕು," ಎನ್ನುತ್ತಾರೆ ಶ್ರೀಕರ್. ಸೂರಿಗೆ ವರ್ಷಗಟ್ಟಲೆ ಬಾಳುವ ಬಿಳಿಯ ಪೇಂಟು ಬಳಿಸುವ ಯೋಚನೆ ಅವರದು. ನೀಲಗಂಗಮ್ಮನವರಿಗೆ ಅದರಲ್ಲಿ ತಕರಾರಿಲ್ಲ. "ಬಳಿಸಿ ಶ್ರೀಕರಪ್ಪ, ಯಾರು ಬೇಡ ಅಂದೋರು? ಆದ್ರೂ ವರ್ಷಕ್ಕೊಂದ್ ಸಲ ಯಾರಾದ್ರೂ ಮೇಲ್ ಹತ್ತಿ ಬೋಲ್ಟು, ತೂತು ನೋಡ್ಲೇಬೇಕಲ್ಲ. ಬರೀ ಕೈಯಲ್ಲಿ ಹತ್ತೋ ಬದಲು ಕುಂಚ ಹಿಡ್ಕೊಂಡು ಹತ್ತೋದು."

ಬಿಸಿಲು ತಗಡನ್ನು ಮುಟ್ಟುವ ಮುನ್ನವೇ ಪ್ರಿಯಾಂಕಾ ಕೆಲಸ ಮುಗಿಸಿ ಇಳಿಯುತ್ತಾಳೆ. ಹುಬ್ಬು, ಕನ್ನಡಕ, ಜಡೆಯ ತುದಿ ಎಲ್ಲವೂ ಬಿಳಿ. ಒಣಗುತ್ತ ಒಣಗುತ್ತ ಸುಣ್ಣ ಬೆಳ್ಳಗೆ ತಿರುಗಿ, ಹತ್ತು ಗಂಟೆಯ ಹೊತ್ತಿಗೆ ಕಣ್ಣು ಕೋರೈಸುವಂತಾಗುತ್ತದೆ.

ಮಧ್ಯಾಹ್ನ ಮೂರರ ಸುಮಾರಿಗೆ ನೀಲಗಂಗಮ್ಮ ಅಟ್ಟಣಿಗೆಗಳ ನಡುವೆ ಮೆಲ್ಲನೆ ನಡೆಯುತ್ತಾರೆ. ಪ್ರಿಯಾಂಕಾ ಹಿಂದೆ. ಮೊದಲ ಸಾಲು ನೆಟ್ಟಗಿದೆ. ಎರಡನೆಯದೂ, ಮೂರನೆಯದೂ. ನೈರುತ್ಯ ಮೂಲೆಯ ಕೊನೆಯ ಹಲಗೆಯಲ್ಲಿ ಮೇಣದಬತ್ತಿ ಒಂದು ಕಡೆಗೆ ವಾಲಿದೆ. ಹೆಚ್ಚಲ್ಲ, ಯಾರೋ ಕರೆದರೆಂದು ತಲೆ ತಿರುಗಿಸಿದಷ್ಟು.

ಪ್ರಿಯಾಂಕಾಳ ಮುಖ ಇಳಿದಿದೆ. "ಎಲ್ಲಾ ಕಡೆ ಎರಡೆರಡು ಸಲ ಎಳೆದಿದ್ದೀನಿ ಆಂಟಿ. ದೇವರಾಣೆ."

"ಆಣೆ ಯಾಕಮ್ಮ? ಕ್ಯಾಂಡಲ್ಲೇನು ಕೋರ್ಟಾ? ಮೊದ್ಲು ಪೆಟ್ಟಿಗೆ ಇಳಿಸು."

ಆ ಸಾಲಿನ ಪೆಟ್ಟಿಗೆಗಳನ್ನು ಇಬ್ಬರೂ ಸೇರಿ ಕೆಳಗಿಳಿಸುತ್ತಾರೆ. ಅದಾದ ಮೇಲೆ ಪ್ರಿಯಾಂಕಾ ಹೊರಗೆ ಹೋಗಿ, ಏಣಿಯ ತುದಿಯಿಂದ ಕತ್ತು ಚಾಚಿ ನೋಡುತ್ತಾಳೆ. ಮರುಕ್ಷಣ ಮೇಲಿನಿಂದ ಅವಳ ನಗು ಕೇಳಿಸುತ್ತದೆ. ಸುಣ್ಣಕ್ಕೆ ಕಾಲು ಸುಡದಿರಲೆಂದೂ ಜಾರದಿರಲೆಂದೂ ಒದ್ದೆ ಗೋಣಿಚೀಲ ಹಾಸಿಕೊಂಡು ಅದರ ಮೇಲೆ ಕುಳಿತು ಬಳಿಯುವುದು ಇಲ್ಲಿಯ ಪದ್ಧತಿ. ಸುತ್ತಲೂ ಬಳಿದು, ಕೊನೆಗೆ ಗೋಣಿಯನ್ನೆತ್ತಿಕೊಂಡು ಅವಳು ಇಳಿದು ಬಂದಿದ್ದಾಳೆ. ಬೆಳ್ಳನೆಯ ಸೂರಿನ ಆ ಮೂಲೆಯಲ್ಲಿ ಗೋಣಿಚೀಲದ ಅಳತೆಯ ತಗಡು ಬರಿಮೈಯಲ್ಲಿ ಹೊಳೆಯುತ್ತಿದೆ.

"ನಾನು ಕೂತಿದ್ದ ಜಾಗ ಒಂದ್ ಬಿಟ್ಟು ಊರಿಗೆಲ್ಲ ಸುಣ್ಣ ಹೊಡ್ದಿದ್ದೀನಿ ಆಂಟಿ!"

"ಗೊತ್ತಾಯ್ತಲ್ಲ, ಇಳಿ. ಬಿಸಿಲು ತಗ್ಗಲಿ, ಸಂಜೆ ಬಳಿವಂತೆ." ನೀಲಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. "ನಮ್ಮ ಮುನಿಯಕ್ಕನೂ ಹಿಂಗೇ ಒಂದು ವರ್ಷ ಎರಡು ಗೋಣಿ ಜಾಗ ಬಿಟ್ಟಿದ್ಲು. ಅವಳು ಅಗಲ ಜಾಸ್ತಿ."

ವಾಲಿದ ಮೇಣದಬತ್ತಿಯನ್ನು ತೆಗೆದು, ಸಂಜೆ ಅದೇ ಮೂಲೆಯಲ್ಲಿ ಹೊಸದೊಂದನ್ನು ನಿಲ್ಲಿಸುತ್ತಾರೆ. ಸೋಮವಾರ ಬಿಸಿಲು ಭಾನುವಾರಕ್ಕಿಂತ ಬಿರುಸು. ಹೊದಿಕೆಯಿಲ್ಲದೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲಿಗೆ ಕೈಯಿಡಲಾಗದು. ಮಧ್ಯಾಹ್ನ ಮತ್ತೆ ಅದೇ ನಡಿಗೆ: ಮೊದಲ ಸಾಲು, ಎರಡು, ಮೂರು. ಕೊನೆಗೆ ನೈರುತ್ಯದ ಮೂಲೆ. ಮೇಣದಬತ್ತಿ ನೆಟ್ಟಗೆ ನಿಂತಿದೆ.

ನೀಲಗಂಗಮ್ಮ ಸೊಂಟದಿಂದ ಗೊಂಚಲನ್ನು ಬಿಡಿಸುತ್ತಾರೆ. ಇಷ್ಟು ವರ್ಷ ಸಿಕ್ಕಿಸಿಕೊಂಡ ಕಡೆ ಸೀರೆಯ ಸುಕ್ಕು ಹಾಗೆಯೇ ಉಳಿದಿದೆ.

"ತಗೋ. ನಾಳೆಯಿಂದ ಬೀಗ ತೆಗೆಯೋಳು ನೀನು. ನಾನು ಹತ್ತು ಗಂಟೆಗೆ ಬರ್ತೀನಿ, ಮೇಡಂ ಥರ. ಕಾಫಿ ತರಿಸಿರು."

"ನಿನ್ನೆ ಬಾಗಿತ್ತಲ್ಲ ಆಂಟಿ. ಆದ್ರೂ ಕೊಡ್ತೀರಾ?"

"ಬಾಗಿದ್ದನ್ನ ನೋಡಿ ಪೆಟ್ಟಿಗೆ ಇಳಿಸಿದೆಯಲ್ಲ, ಮೇಲೆ ಹೋಗಿ ಯಾಕೆ ಅಂತ ಹುಡುಕಿದೆಯಲ್ಲ. ಬಾಗೋದು ಕ್ಯಾಂಡಲ್ ಕೆಲಸ. ನೋಡೋದು ನಮ್ಮ ಕೆಲಸ."

ಇಷ್ಟು ವರ್ಷದ ದುಡಿಮೆಗೆ ಅವರ ಬಯಕೆ ಏನೆಂದು ಕೇಳಿದರೆ ನೀಲಗಂಗಮ್ಮ ಓಣಿಯ ಕಡೆಯ ಗೋಡೆಯತ್ತ ಕೈ ತೋರಿಸುತ್ತಾರೆ. "ಆಸೆ ಏನಿರುತ್ತೆ ಸಾರ್. ಆ ಡಬ್ಬಿ ಸಿಡಿದ ಮೇಲೆ ಇಲ್ಲಿ ಇನ್ನೊಂದು ಸಿಡಿದಿಲ್ಲ. ಓಣಿ ಮಕ್ಕಳು ಈ ಗೋಡೇಗೇ ಸ್ಟಂಪ್ ಬರ್ಕೊಂಡು ಕ್ರಿಕೆಟ್ ಆಡ್ತಾವೆ. ಯಾರೂ ಬೇಡ ಅನ್ನಲ್ಲ. ಹಿಂಗೇ ಆಡ್ಕೊಂಡಿರ್ಲಿ."

ಹೊರಗೆ ಚೆಂಡು ಗೋಡೆಗೆ ಬಡಿದ ಸದ್ದು. ಸೂರಿನ ಮೇಲೆ ಒಂದು ಕಾಗೆ ಇಳಿದು, ತಗಡಿನ ಮೇಲೆ ನಾಲ್ಕು ಹೆಜ್ಜೆ ನಡೆದು, ತಿನ್ನಲು ಏನೂ ಸಿಗದೆ ಹಾರಿಹೋಗುತ್ತದೆ. ಆ ಹೆಜ್ಜೆಗಳ ಸಪ್ಪಳಕ್ಕೆ ಇಬ್ಬರೂ ಒಟ್ಟಿಗೆ ತಲೆಯೆತ್ತುತ್ತಾರೆ. ಪ್ರಿಯಾಂಕಾ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತುಕೊಳ್ಳುತ್ತಾಳೆ.

"ಆಂಟಿ, ಆ ಕಾಗೆ ಬಂದಿದ್ದು ಇನ್ನೊಂದ್ಸಲ ಹೇಳಿ. ಮೊದಲಿಂದ."