ಮೀಟರಿಗೆ ಬೀಸಿದ ಗಾಳಿ

ಗಾಳಿಯನ್ನು ಅಳೆಯಬೇಕೆಂದರೆ ಮೊದಲು ಫ್ಯಾನ್ ಬಂದ್ ಮಾಡಬೇಕು. ಇಷ್ಟು ಸಣ್ಣ ಮಾತನ್ನು ನಮ್ಮ ಕಡೆಯವರಿಗೆ ಒಪ್ಪಿಸುವಷ್ಟರಲ್ಲಿ ನನ್ನ ಪಿಎಚ್‌ಡಿ ಮುಳುಗಿ ಹೋಗುತ್ತಿತ್ತು.

ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬಸವಕಲ್ಯಾಣದಿಂದ ದಿನಾ ಬಸ್ಸಿನ ಓಡಾಟ. ನನ್ನ ಸಂಶೋಧನೆಯ ವಿಷಯ ರೆಕ್ಕೆಯಿಲ್ಲದ ಗಾಳಿ. ಒಂದು ಚೂಪಾದ ಸೂಜಿ, ಅದರೆದುರು ತಾಮ್ರದ ಜಾಳಿಗೆ, ನಡುವೆ ಸಾವಿರಾರು ವೋಲ್ಟ್. ಸೂಜಿಯ ತುದಿಯಲ್ಲಿ ಹುಟ್ಟುವ ವಿದ್ಯುತ್ ಕಣಗಳು ಜಾಳಿಗೆಯ ಕಡೆ ಓಡುವಾಗ ಗಾಳಿಯನ್ನೂ ತಳ್ಳಿಕೊಂಡು ಹೋಗುತ್ತವೆ. ಆಚೆ ಕೊಳವೆಯ ಬಾಯಲ್ಲಿಟ್ಟ ಮೀಟರ್ ಅದರ ವೇಗ ತೋರಿಸಬೇಕು. ಆದರೆ ಪ್ರಯೋಗ ನೋಡಲು ನನ್ನ ಗೈಡ್ ಬಂದಾಗಲೆಲ್ಲ ಕಿಡಿ ಹಾರಿ ಎಲ್ಲ ಬಂದ್. "ಈ ಸಲ ಗಾಳಿ ಕಾಣಲಿಲ್ಲಂದ್ರ ವಿಷಯ ಬದಲಿ ಮಾಡ್ರಿ ಮೇಡಂ" ಎಂದು ಅವರು ಫೋನಿನಲ್ಲಿ ಖಡಕ್ಕಾಗಿ ಹೇಳಿದ್ದರು. ನಲವತ್ತು ದಾಟಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡುವುದನ್ನು ನೆನೆದರೆ ನನಗೆ ಅಳುವೇ ಬರುತ್ತಿತ್ತು.

ಅವರು ಬರುವ ದಿನವೇ ಅತ್ತೆಗೆ ಅಲ್ಲೇ ಹತ್ತಿರದ ಮಾಣಿಕನಗರದ ಗುಡಿಗೆ ಹೋಗಬೇಕಿತ್ತು. ಕೆಲಸ ಮುಗಿಸಿ ಕರೆದೊಯ್ಯುತ್ತೇನೆಂದು ಲ್ಯಾಬಿನ ಮೂಲೆಯಲ್ಲಿ ಕೂರಿಸಿದೆ. "ಮಷೀನ್ ಮುಟ್ಟಬ್ಯಾಡ್ರಿ, ಫ್ಯಾನ್ ಅಂತೂ ಹಾಕಲೇಬ್ಯಾಡ್ರಿ" ಎಂದು ತಾಕೀತು ಮಾಡಿದೆ. ಅತ್ತೆ ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು. ಎಡವಟ್ಟಾದದ್ದೇ ಅಲ್ಲಿ.

ಗೈಡ್ ಬಂದರು. ಬೇಸಿಗೆ, ಅದರ ಮೇಲೆ ಕಿಟಕಿ ಬಾಗಿಲೆಲ್ಲ ಬಂದ್. ಮೀಟರಿನ ಪಕ್ಕ ಕೂತ ಸ್ವಲ್ಪ ಹೊತ್ತಿಗೇ ಅವರ ಅಂಗಿ ಬೆನ್ನಿಗಂಟಿತು. "ಮೊದಲ ಕರೆಂಟ್ ಇಲ್ಲದ ರೀಡಿಂಗ್ ತೋರಿಸ್ರಿ" ಎಂದರು. ಸೊನ್ನೆ ತಾನೆ, ಅದರಲ್ಲೇನಿದೆ ಎಂದು ಧೈರ್ಯವಾಗಿ ಮೀಟರ್ ಹಚ್ಚಿದೆ. ಅಂಕಿಗಳು ಏರಿದವು, ಇಳಿದವು, ಮತ್ತೆ ಏರಿದವು.

"ಕರೆಂಟ್ ಹಾಕೇ ಇಲ್ಲ, ಗಾಳಿ ಆಗಲೇ ಬರಾಕತ್ತದಲ್ರಿ," ಎಂದರು ಗೈಡ್. "ಭಾಳ ಮುಂದ ಹೋಗ್ಯಾದ ನಿಮ್ಮ ಸಂಶೋಧನಾ."

ಕಿಟಕಿ ನೋಡಿದೆ, ಕೊಳವೆ ನೋಡಿದೆ, ಕೊನೆಗೆ ತಲೆಯೆತ್ತಿದೆ. ಗೈಡ್ ಅವರ ಕುರ್ಚಿಯ ಹಿಂದೆ ಅತ್ತೆ ನಿಂತು, ಯಾವುದೋ ಡಬ್ಬದ ರಟ್ಟು ಹಿಡಿದು ಅವರ ಕತ್ತಿಗೆ ಬೀಸುತ್ತಿದ್ದರು. ಆ ಮಹಾಶಯರಿಗೂ ಹಿತವಾಗಿತ್ತೇನೋ, ತಿರುಗಿಯೂ ನೋಡಿರಲಿಲ್ಲ.

"ಅತ್ತೀ, ಬೀಸಬ್ಯಾಡ್ರಿ!"

"ಫ್ಯಾನ್ ಹಾಕಬ್ಯಾಡ ಅಂದಿ, ಹಾಕಿಲ್ಲ. ಮೆಹಮಾನ್ ಬಂದು ಬೆವರಾಕತ್ತಾರ, ಸುಮ್ಮ ನೋಡ್ಕೋತ ಕೂಡಬೇಕೇನು?"

ಗೈಡ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಮುಖ ಊದಿಸಿಕೊಂಡು ಮೂಲೆಗೆ ಹೋದರು. ಅಂಕಿ ಸೊನ್ನೆಗಿಳಿಯಿತು. ವೋಲ್ಟೇಜ್ ಏರಿಸಿದೆ. ಸೂಜಿ ಸಣ್ಣಗೆ ಸುಯ್ಯೆಂದಿತು, ಕಿಡಿ ಹಾರಲಿಲ್ಲ. ಅಂಕಿ ಮೆಲ್ಲಗೆ ಏರಿ ಅಲ್ಲೇ ನಿಂತಿತು. ವೋಲ್ಟೇಜ್ ಇಳಿಸಿದರೆ ಇಳಿಯಿತು, ಏರಿಸಿದರೆ ಏರಿತು. ಗೈಡ್ ಹಣೆ ಒರೆಸಿಕೊಳ್ಳುತ್ತ, "ಇದೇ ವಿಷಯ ಮುಂದುವರಸ್ರಿ ಮೇಡಂ" ಎಂದರು. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಮಾಣಿಕನಗರಕ್ಕೆ ಆಟೋ ಹತ್ತಿದ ಮೇಲೂ ಅತ್ತೆಯ ಮುಖ ಊದಿಕೊಂಡೇ ಇತ್ತು. "ಖುಷಿ ಆಗಲಿಲ್ಲೇನ್ರಿ ಅತ್ತಿ? ಖರೇನ ಗಾಳಿ ಬಂತು," ಎಂದೆ.

"ಬಂತಲ್ಲ? ಪಾಪ, ಅಷ್ಟೊತ್ತನಕ ಅವರು ಬೆವತು ತೊಯ್ದು ಹ್ವಾದ್ರು," ಎಂದರು ಅತ್ತೆ. "ಬಂದ ಗಾಳಿ ಅವರ ಕಡಿ ತಿರುಗಿಸೋದು ಬಿಟ್ಟು ಮೀಟರಿಗಿ ಬೀಸಿದ್ಯಲ್ಲ, ಮೀಟರಿಗೇನು ಸೆಕಿ ಆಗಿತ್ತೇನು?"