ರಷ್ಯಾದ ಅಂಗಳ

ಆಗೆಲ್ಲ ದಸರಾ ರಜೆ ಮುಗಿಯುವ ಹೊತ್ತಿಗೆ ಶಂಕರಪುರದ ನಮ್ಮ ಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ಬರುತ್ತಿದ್ದವು. ಮಳೆಗೆ ಪಾಚಿ ಹಿಡಿದ ಅಂಗಳವನ್ನು ಕೆತ್ತಿ, ತಟ್ಟಿ, ಸೆಗಣಿ ಸಾರಿಸುವುದು ಅಜ್ಜಿಯ ಕೆಲಸ. ಮಳೆಗೆ ನೆನೆದ ಪುಸ್ತಕಗಳಿಗೆ ಹೊಸ ಬೈಂಡ್ ಹಾಕುವುದು ನನ್ನದು. ತೆಂಗಿನ ಗೆರಟೆ ಸುಟ್ಟ ಮಸಿ ಬೆರೆಸಿದ ಸೆಗಣಿಯ ವಾಸನೆ, ನನ್ನ ಬೆರಳಿನ ಮೈದಾ ಅಂಟಿನ ವಾಸನೆ, ಒಳಗೆ ಅಮ್ಮ ಕಟ್ಟುತ್ತಿದ್ದ ಮಲ್ಲಿಗೆ, ಎಲ್ಲ ಒಂದೇ ಆಗಿ ತೇಲುತ್ತಿತ್ತು.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ಅಪ್ಪ ಉಡುಪಿಯಿಂದ ರಷ್ಯಾದ ಒಂದು ಹಳೆಯ ಪತ್ರಿಕೆ ತಂದರು. ನುಣುಪು ಕಾಗದ. ನಡುಪುಟಗಳ ತುಂಬ ಮಾಸ್ಕೋದ ಕೋಟೆ: ಉದ್ದಕ್ಕೆ ಕೆಂಪು ಗೋಡೆ, ಗೋಪುರದ ತುದಿಯಲ್ಲಿ ನಕ್ಷತ್ರ, ನೆತ್ತಿಯ ಮೇಲೆ ಬಣ್ಣದ ನೀರುಳ್ಳಿಗಳನ್ನು ನೆಟ್ಟಂಥ ಇಗರ್ಜಿ. ಎದುರಿಗೆ ಮುಸ್ಸಂಜೆಯ ಬೆಳಕಿನಲ್ಲಿ ಕಪ್ಪಗೆ ಮಿನುಗುವ ವಿಶಾಲವಾದ ಚೌಕ.

ಅಜ್ಜಿ ಸಾರಿಸುವ ಅಡಿಕೆ ಹಾಳೆಯ ತುಂಡು ಹಿಡಿದುಕೊಂಡೇ ಬಗ್ಗಿ ನೋಡಿದರು.

"ಎಷ್ಟು ಚಂದ ಸಾರಿಸಿದ್ದಾರೆ ಮಾರಾಯ್ತಿ! ಒಂದು ಬಿರುಕು ಉಂಟಾ ನೋಡು. ಎಷ್ಟು ಹೆಂಗಸರು ಬೇಕಾಯಿತೋ!"

"ಅದು ಅರಮನೆಯ ಅಂಗಳ ಅಜ್ಜಿ."

"ಅರಮನೆಯಾದರೆ ಎಂತ? ಸೊಂಟ ನೋಯುವುದಿಲ್ವಾ? ಸೆಗಣಿಗೆ ಎಂತ ಬೆರೆಸುತ್ತಾರೆ ಅಂತ ನಿನ್ನ ಶಾಲೆಯ ಸಿಸ್ಟರ್‌ರಲ್ಲಿ ಕೇಳಿಕೊಂಡು ಬಾ."

ಪ್ರತಿ ವರ್ಷ ಬಿರುಕು ಬಿಡುತ್ತಿದ್ದ ಅಂಗಳ ಅಜ್ಜಿಯದು. ಆದರೆ ಕಾನ್ವೆಂಟಿನಲ್ಲಿ ಬ್ರೌನ್ ಪೇಪರ್ ಬಿಟ್ಟು ಬೇರೆ ಬೈಂಡ್ ಹಾಕುವಂತಿರಲಿಲ್ಲ. ನಾನು ಭೂಗೋಳದ ಪುಸ್ತಕಕ್ಕೆ ಮೊದಲು ಆ ಚಿತ್ರ, ಅದರ ಮೇಲೆ ಬ್ರೌನ್ ಪೇಪರ್ ಹಾಕಿದ್ದೆ. ಕೇಳಬೇಕಾದರೆ ಚಿತ್ರ ತೋರಿಸಬೇಕು. ತೋರಿಸಿದರೆ ಸಿಸ್ಟರ್ ಕಿತ್ತುಕೊಂಡರೆ?

"ಕೇಳಿದೆಯಾ?" ಸಂಜೆ ಅಜ್ಜಿಯ ಪ್ರಶ್ನೆ.

"ಸಿಸ್ಟರ್ ಬರಲಿಲ್ಲ ಅಜ್ಜಿ."

ನಾಲ್ಕು ದಿನ ಅದೇ ಸುಳ್ಳು. ನಾಲ್ಕನೆಯ ಸಂಜೆ ಅಜ್ಜಿ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಾ, "ಅವರಿಗೆ ಪಾಪ ಎಂತ ಜ್ವರವೋ" ಎಂದರು. ಮರುದಿನ ತರಗತಿ ಮುಗಿದ ಮೇಲೆ ನಾನೇ ಬ್ರೌನ್ ಪೇಪರ್ ಬಿಚ್ಚಿ ಸಿಸ್ಟರ್ ಮುಂದೆ ಹಿಡಿದು, ಒಂದೇ ಉಸಿರಿನಲ್ಲಿ ಅಜ್ಜಿಯ ಪ್ರಶ್ನೆ ಕೇಳಿದೆ.

ಸಿಸ್ಟರ್ ನಗಲಿಲ್ಲ. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಇಗರ್ಜಿಯ ಮೇಲೆ ಬೆರಳಾಡಿಸಿದರು.

"ಅದು ಕಲ್ಲು ಹಾಸಿದ್ದು ಮಗು. ಯಾರೂ ಸಾರಿಸುವುದಿಲ್ಲ."

ಆಮೇಲೆ ತಾವೇ ಬ್ರೌನ್ ಪೇಪರನ್ನು ಮೊದಲಿನಂತೆ ಮಡಚಿ, ಉಗುರಿನಿಂದ ಗೆರೆ ಒತ್ತಿದರು. "ಇದು ಒಳಗೇ ಇರಲಿ, ಆಯ್ತಾ?"

ಮನೆಗೆ ಓಡಿದೆ. ಅಜ್ಜಿ ಮೆಟ್ಟಿಲ ಮೇಲಿದ್ದರು. ಹೊಸದಾಗಿ ಸಾರಿಸಿದ ಅಂಗಳ ಎದುರಿಗೆ ತಣ್ಣಗೆ ಮಲಗಿತ್ತು. ನನ್ನ ಮಾತು ಕೇಳಿ, ಬಗ್ಗಿ ಅಂಗಳವನ್ನು ಅಂಗೈಯಿಂದ ಸವರಿದರು.

"ಕಲ್ಲಾ? ಪಾಪ. ಹಾಗಾದರೆ ಅವರಿಗೆ ಈ ವಾಸನೆಯೇ ಇಲ್ಲ, ಅಲ್ವಾ?"

ಆ ರಾತ್ರಿ ಚಾಪೆಯ ಮೇಲೆ ಮಲಗಿ, ಮನಸ್ಸಿನಲ್ಲೇ ಬರಿಗಾಲಿನಲ್ಲಿ ಅಷ್ಟು ದೊಡ್ಡ ಚೌಕ ದಾಟುತ್ತಾ ದಾಟುತ್ತಾ ನಿದ್ದೆ ಹೋಗಿದ್ದೆ.

ಈಗ ಅಜ್ಜಿ ಇಲ್ಲ. ನಮ್ಮ ಅಂಗಳಕ್ಕೂ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದೇವೆ. ಬಿರುಕಿಲ್ಲ, ಯಾರ ಸೊಂಟವೂ ನೋಯುವುದಿಲ್ಲ. ದಸರಾ ಕಳೆದ ಸಂಜೆಗಳಲ್ಲಿ ಅದೇ ಮೆಟ್ಟಿಲ ಮೇಲೆ ಕುಳಿತು ಉಸಿರು ಎಳೆದುಕೊಳ್ಳುತ್ತೇನೆ. ಮಲ್ಲಿಗೆಯ ವಾಸನೆ ಬರುತ್ತದೆ. ಅಂಗಳದ್ದು ಬರುವುದಿಲ್ಲ.